ಹೆಸರಘಟ್ಟದ ಐಐಎಚ್‌ಆರ್ ಮಾರಾಟ ಮಳಿಗೆ: ಬೇವಿನ ಸೋಪು, ಹಣ್ಣುನೊಣದ ಟ್ರ್ಯಾಪು, ಹಲಸಿನ ಬೀಜದ ಬಿಸ್ಕತ್ತು, ಎಲ್ಲಾ ಸೇರಿ ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಬೆಂಗಳೂರಲ್ಲಿ ತಾರಸಿ ಮೇಲೆ ತರಕಾರಿ ಬೆಳೆಯೋರು, ಇಲ್ಲ ದೊಡ್ಡಬಳ್ಳಾಪುರ, ಮಾಗಡಿ, ನೆಲಮಂಗಲ ಕಡೆ ಒಂದೆರಡು ಎಕರೆ ಇಟ್ಕೊಂಡಿರೋರು ಹುಳದ ಕಾಟಕ್ಕೆ ಏನಾದ್ರೂ ತಗೋಬೇಕು ಅಂದ್ರೆ ಮೊದಲು ಹೋಗಬೇಕಾದ ಜಾಗ ಹೆಸರಘಟ್ಟದ ಐಐಎಚ್‌ಆರ್. ಪೂರ್ತಿ ಹೆಸರು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಐಸಿಎಆರ್, ಅಂದ್ರೆ ಭಾರತೀಯ ಕೃಷಿ ಸಂಶೋಧನಾ ಮಂಡಳಿ ಕೆಳಗೆ ಬರುತ್ತೆ, 1967ರಲ್ಲಿ ಶುರುವಾಗಿದ್ದು. ತುಂಬಾ ಜನಕ್ಕೆ ಇದು ವಿಜ್ಞಾನಿಗಳು ಮಾತ್ರ ಓಡಾಡೋ ಜಾಗ ಅನ್ನೋ ಭಾವನೆ ಇದೆ, ಆದ್ರೆ ಅಲ್ಲಿ ನಮ್ಮಂಥೋರಿಗೆ ಅಂತಾನೇ ಮಾರಾಟ ಮಳಿಗೆ ಇದೆ, ಬೀಜ, ಸೋಪು, ಟ್ರ್ಯಾಪು, ಜೀವಾಣು ಗೊಬ್ಬರ, ಪೋಷಕಾಂಶದ ಪುಡಿ ಎಲ್ಲಾ ಸಿಗುತ್ತೆ.

ನಾನು ಪೂರ್ತಿ ಮಾರ್ಕ್ಸ್ ಕೊಡ್ತಿರೋದು ಬೆಲೆ ಕಮ್ಮಿ ಅನ್ನೋದಕ್ಕೆ ಅಲ್ಲ, ಬೆಲೆ ಕಮ್ಮೀನೇ ಇದೆ ಅದು ಬೇರೆ ಮಾತು. ಅಲ್ಲಿನ ಪ್ರತಿಯೊಂದು ಪ್ಯಾಕೆಟ್ಟಿನ ಹಿಂದೆ ಒಂದು ಹುಳದ ಇಡೀ ಜಾತಕ ಇದೆ. ಯಾವಾಗ ಮೊಟ್ಟೆ ಇಡುತ್ತೆ, ಎಲೆಯ ಮೇಲ್ಗಡೆ ಇರುತ್ತಾ ಕೆಳಗಡೆನಾ, ಮರಿಹುಳ ರೆಕ್ಕೆ ಬರೋಕೆ ಮುಂಚೆ ಕೋಶ ಆಗೋದು ಮಣ್ಣಲ್ಲಾ ಗಿಡದ ಮೇಲಾ, ಇದೆಲ್ಲಾ ನೋಡ್ಕೊಂಡು ಮಾಡಿರೋ ಸಾಮಾನು. ಆ ಲೆಕ್ಕ ತಿಳ್ಕೊಂಡು ಬಳಸಿದ್ರೆ ಕೆಲಸ ಮಾಡುತ್ತೆ, ತಿಳ್ಕೊಳ್ದೆ ಬಳಸಿದ್ರೆ ಎಷ್ಟು ಒಳ್ಳೆ ಸಾಮಾನಾದ್ರೂ ನೀರಲ್ಲಿ ಹೋಮ ಮಾಡಿದ ಹಾಗೆ.

ಬೇವಿನ ಸೋಪಿಂದ ಶುರು ಮಾಡ್ತೀನಿ, ನಾನು ಜಾಸ್ತಿ ಬಳಸಿರೋದು ಅದೇ. ಬೇವಿನೆಣ್ಣೆ ನೀರಲ್ಲಿ ಕರಗಲ್ಲ ಅಂತ ಎಲ್ರಿಗೂ ಗೊತ್ತು, ಬಕೆಟ್ಟಲ್ಲಿ ಹಾಕಿ ಎಷ್ಟು ಕಲಕಿದ್ರೂ ಮೇಲೆ ತೇಲ್ತಾ ಇರುತ್ತೆ, ಸ್ಪ್ರೇ ಮಾಡಿದ್ರೆ ಒಂದು ಎಲೆ ಮೇಲೆ ಬರೀ ಎಣ್ಣೆ ಬಿದ್ದು ಸುಟ್ಟು ಹೋಗುತ್ತೆ, ಇನ್ನೊಂದು ಎಲೆ ಮೇಲೆ ಬರೀ ನೀರು. ಸೋಪಿನ ರೂಪದಲ್ಲಿ ಆ ತಾಪತ್ರಯ ಇಲ್ಲ, ಎಣ್ಣೆ ನೀರಲ್ಲಿ ಸಮನಾಗಿ ಹರಡ್ಕೊಳ್ಳುತ್ತೆ, ಎಲೆಗೂ ಅಂಟ್ಕೊಳ್ಳುತ್ತೆ. ಲೀಟರಿಗೆ 7ರಿಂದ 10 ಗ್ರಾಂ ಸಾಕು. ನಾನು ತುರಿಯೋ ಮಣೇಲಿ ತುರಿದು ಸ್ವಲ್ಪ ಬಿಸಿನೀರಲ್ಲಿ ನೆನೆಸಿ, ಕರಗಿದ ಮೇಲೆ ಹಳೇ ಪಂಚೆ ಬಟ್ಟೇಲಿ ಸೋಸಿ, ಆಮೇಲೆ ಉಳಿದ ನೀರು ಸೇರಿಸ್ತೀನಿ, ಸೋಸದೇ ಹಾಕಿದ್ರೆ ಸ್ಪ್ರೇಯರ್ ಮೂತಿ ಕಟ್ಕೊಳ್ಳುತ್ತೆ. ಹೊಡೆಯೋದು ಸಂಜೆ ಹೊತ್ತು, ಯಾಕಂದ್ರೆ ಬೇವಲ್ಲಿರೋ ಅಜಾಡಿರಾಕ್ಟಿನ್ ಅನ್ನೋ ಅಂಶ ಬಿಸಿಲಿಗೆ ಬೇಗ ಹಾಳಾಗುತ್ತೆ, ಬೆಳಗ್ಗೆ ಹತ್ತು ಗಂಟೆಗೆ ಹೊಡೆದ್ರೆ ದಿನದ ಬಿಸಿಲಿಗೇ ಶಕ್ತಿ ಕಮ್ಮಿ ಆಗ್ತಾ ಹೋಗುತ್ತೆ. ಮತ್ತೆ ಎಲೆ ಕೆಳಗಡೆ ಹೊಡೀಬೇಕು, ಸಸ್ಯಹೇನು, ಬಿಳಿನೊಣ ಎಲ್ಲಾ ಅಲ್ಲೇ ಗುಂಪು ಕಟ್ಕೊಂಡಿರೋದು.

ಇದ್ರ ಬಗ್ಗೆ ಬರೋ ದೊಡ್ಡ ಕಂಪ್ಲೇಂಟು ಏನಂದ್ರೆ ಹೊಡೆದ ಮಾರನೇ ದಿನಾನೂ ಹುಳ ಓಡಾಡ್ತಾ ಇರುತ್ತೆ ಅಂತ. ಇರುತ್ತೆ, ನಿಜ. ಬೇವು ಹುಳನ ಅಲ್ಲೇ ಕೆಡವೋ ವಿಷ ಅಲ್ಲ, ಎಲೆ ತಿನ್ನೋ ಆಸೆ ಕಮ್ಮಿ ಮಾಡುತ್ತೆ, ಮರಿಹುಳ ಪೊರೆ ಕಳಚಿ ದೊಡ್ಡದಾಗೋದನ್ನ ತಡೆಯುತ್ತೆ. ಹಾಗಾಗಿ ಹುಳ ಚಿಕ್ಕದಿದ್ದಾಗ ಹೊಡೀಬೇಕು, ವಾರ ಹತ್ತು ದಿನಕ್ಕೊಮ್ಮೆ ಮತ್ತೆ ಹೊಡೀಬೇಕು. ಕಿರುಬೆರಳು ದಪ್ಪ ಆಗಿರೋ ಹುಳಕ್ಕೆ ಬೇವಿನ ಸೋಪು ಹೊಡೆದು ಕಾಯ್ತಾ ಕೂತ್ರೆ ಪ್ರಯೋಜನ ಇಲ್ಲ, ಅದನ್ನ ಕೈಯಲ್ಲಿ ಆರಿಸಿ ತೆಗೆಯೋದೇ ಸರಿ. ಹೊಂಗೆ ಸೋಪೂ ಸಿಗುತ್ತೆ, ಸಸ್ಯಹೇನು, ನುಸಿಗೆ ನಂಗೆ ಅದೂ ಇಷ್ಟ, ಎರಡನ್ನೂ ಅದಲು ಬದಲು ಮಾಡ್ತೀನಿ. ಡೋಸ್ ಜಾಸ್ತಿ ಹಾಕಬೇಡಿ, ಎಳೇ ಎಲೆ ಸುಡುತ್ತೆ.

ಈ ಸೋಪಿಗೆ ಮುಂಚೆ ನಮ್ಮ ಏರಿಯಾದ ಒಂದು ನರ್ಸರೀಲಿ ಬಾಟಲಿ ಕೊಟ್ಟಿದ್ರು, ನೂರಕ್ಕೆ ನೂರು ಆರ್ಗ್ಯಾನಿಕ್, ಎಲ್ಲಾ ಹುಳಕ್ಕೂ ಇದೊಂದೇ ಸಾಕು ಅಂತ. ಬಾಟಲಿ ಮೇಲೆ ಒಳಗೇನಿದೆ ಅಂತಾನೂ ಇಲ್ಲ, ಯಾವ ಬೆಳೆಗೆ ಅಂತಾನೂ ಇಲ್ಲ, ಹೊಡೆದು ಎಷ್ಟು ದಿನ ಬಿಟ್ಟು ಕಾಯಿ ಕೀಳಬೇಕು ಅಂತಾನೂ ಇಲ್ಲ. ಬೇವಿನ ಔಷಧಿ ಅಂದ್ರೆ ಲೇಬಲ್ ಮೇಲೆ ಅಜಾಡಿರಾಕ್ಟಿನ್ ಎಷ್ಟಿದೆ ಅಂತ ಇರಲೇಬೇಕು, 300 ಪಿಪಿಎಂ, 1500 ಪಿಪಿಎಂ, 10000 ಪಿಪಿಎಂ ಹೀಗೆ, ಪಿಪಿಎಂ ಅಂದ್ರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅಂತ. 300ಕ್ಕೂ 10000ಕ್ಕೂ ಒಂದೇ ಅಳತೇಲಿ ಬೆರೆಸಿದ್ರೆ ಏನಾಗುತ್ತೆ ನೀವೇ ಯೋಚನೆ ಮಾಡಿ. ಹೆಸರಿಲ್ಲದ ಬಾಟಲೀಲಿ ಏನು ಬೇಕಾದ್ರೂ ಇರಬಹುದು, ಅದನ್ನ ಮಕ್ಕಳು ತಿನ್ನೋ ಟೊಮ್ಯಾಟೊ ಮೇಲೆ ಹೊಡಿಯೋಕೆ ನಂಗೆ ಮನಸ್ಸು ಬರಲಿಲ್ಲ, ಆ ಬಾಟಲಿ ಬದಿಗಿಟ್ಟೆ. ಎಂಡೋಸಲ್ಫಾನ್ ಅನ್ನೋ ಕೀಟನಾಶಕ ನಮ್ಮ ದಕ್ಷಿಣ ಕನ್ನಡದ ಗೇರು ತೋಟದ ಸುತ್ತಮುತ್ತ ಏನು ಮಾಡ್ತು ಅಂತ ನೋಡಿದ ರಾಜ್ಯ ನಮ್ದು, ಸುಪ್ರೀಂ ಕೋರ್ಟು ಅದನ್ನ ನಿಲ್ಲಿಸಿದ್ದು 2011ರಲ್ಲಿ. ಹಾಗಾಗಿ ಲೇಬಲ್ ಓದೋ ಅಭ್ಯಾಸ ನಮಗೆ ಬೇರೆಯೋರಿಗಿಂತ ಜಾಸ್ತಿನೇ ಇರಬೇಕು ಅಂತ ನಂಗನ್ಸುತ್ತೆ.

ಈಗ ಹಣ್ಣುನೊಣದ ಟ್ರ್ಯಾಪು. ಹಾಗಲಕಾಯಿ, ಹೀರೇಕಾಯಿ, ಪಡವಲಕಾಯಿ ಬೆಳೆದೋರಿಗೆ ಇದು ಗೊತ್ತಿರುತ್ತೆ, ಕಾಯಿ ಎಳೇದಿದ್ದಾಗ ಒಂದು ಕಡೆ ಸೂಜಿ ಚುಚ್ಚಿದ ಹಾಗೆ ಗುರುತು, ಅದರ ಮೇಲೆ ಅಂಟಿನ ಹನಿ, ಆಮೇಲೆ ಕಾಯಿ ಸೊಟ್ಟ ಆಗುತ್ತೆ, ಹಳದಿ ಆಗುತ್ತೆ, ಕೊಯ್ದು ನೋಡಿದ್ರೆ ಒಳಗೆ ಬಿಳೀ ಹುಳ ಪಟಪಟ ಅಂತ ಹಾರುತ್ತೆ. ಹುಳ ಕಾಯಿ ಒಳಗಡೆ ಇರೋದ್ರಿಂದ ಮೇಲಿಂದ ಏನು ಹೊಡೆದ್ರೂ ಅದಕ್ಕೆ ತಾಗಲ್ಲ, ಅದಕ್ಕೇ ಟ್ರ್ಯಾಪು ಬೇಕಾಗೋದು. ಇಲ್ಲಿ ಎಲ್ರೂ ಗಮನ ಕೊಡಬೇಕಾದ ವಿಷಯ ಒಂದಿದೆ, ಮಾವಿನ ಹಣ್ಣುನೊಣಕ್ಕೆ ಬೇರೆ ಲ್ಯೂರು (ಟ್ರ್ಯಾಪಲ್ಲಿಟ್ಟು ನೊಣನ ವಾಸನೆಯಿಂದ ಸೆಳೆಯೋ ವಸ್ತು), ಬಳ್ಳಿ ತರಕಾರಿ ನೊಣಕ್ಕೆ ಬೇರೆ ಲ್ಯೂರು. ಮಾವು, ಸೀಬೆಗೆ ಮೀಥೈಲ್ ಯೂಜಿನಾಲ್, ಹಾಗಲ, ಹೀರೆ, ಸೋರೆ, ಕುಂಬಳಕ್ಕೆ ಕ್ಯೂ ಲ್ಯೂರ್. ಸುಮ್ನೆ ಹಣ್ಣುನೊಣದ ಟ್ರ್ಯಾಪು ಕೊಡಿ ಅಂತ ಕೇಳಿದ್ರೆ ಆಗಲ್ಲ, ಯಾವ ಬೆಳೆಗೆ ಅಂತ ಹೇಳಿ ತಗೊಳ್ಳಿ. ಹಾಗಲ ಚಪ್ಪರದಲ್ಲಿ ಮಾವಿನ ಲ್ಯೂರು ನೇತಾಕಿ ಒಂದು ನೊಣಾನೂ ಬರ್ತಿಲ್ಲ ಅಂತ ಬೇಜಾರು ಮಾಡ್ಕೊಂಡೋರನ್ನ ನಾನೇ ನೋಡಿದೀನಿ.

ನಮ್ಮ ತುಳಸೀಲೂ ಮೀಥೈಲ್ ಯೂಜಿನಾಲ್ ಇರುತ್ತೆ, ಅದಕ್ಕೇ ಕೆಲವು ಮಾವಿನ ತೋಟದೋರು ತುಳಸಿ ಜಜ್ಜಿ ಡಬ್ಬೀಲಿ ಇಡ್ತಾರೆ. ಆದ್ರೆ ಎಲೆ ಒಣಗಿದ ಮೇಲೆ ವಾಸನೆ ಹೋಗ್ಬಿಡುತ್ತೆ, ಟ್ರ್ಯಾಪಿನ ಮರದ ತುಂಡಿಗೆ ನೆನೆಸಿರೋ ಲ್ಯೂರು ವಾರಗಟ್ಟಲೆ ಸೂಸ್ತಾ ಇರುತ್ತೆ. ನೇತಾಕಿದ ಮಾರನೇ ದಿನ ಡಬ್ಬಿ ನೋಡ್ಬೇಕು ನೀವು, ತಳದಲ್ಲಿ ನೊಣ ರಾಶಿ ಬಿದ್ದಿರುತ್ತೆ, ಕಂದು ಮೈ, ಸೊಂಟದ ಹತ್ರ ಹಳದಿ ಪಟ್ಟಿ, ಮನೆ ನೊಣ ಅಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ.

ಇದರ ಮಿತೀನೂ ಹೇಳ್ಬೇಕು. ಈ ಲ್ಯೂರಿಗೆ ಬೀಳೋದು ಗಂಡು ನೊಣ ಮಾತ್ರ. ಗಂಡು ಕಮ್ಮಿ ಆದ್ರೆ ಹೆಣ್ಣಿಗೆ ಜೋಡಿ ಸಿಗಲ್ಲ, ಮೊಟ್ಟೆ ಕಮ್ಮಿ ಆಗುತ್ತೆ ಅನ್ನೋದು ಲೆಕ್ಕ. ಆದ್ರೆ ಪಕ್ಕದ ಮನೇಲಿ ಕೂಡಿ ಬಂದಿರೋ ಹೆಣ್ಣು ನೊಣ ನಿಮ್ಮ ಚಪ್ಪರಕ್ಕೆ ಬಂದು ಮೊಟ್ಟೆ ಇಡೋದನ್ನ ಟ್ರ್ಯಾಪು ತಡಿಯಲ್ಲ. ಒಬ್ಬರೇ ಹಾಕಿದ್ರೆ ಅರ್ಧ ಲಾಭ, ಬೀದೀಲಿರೋ ನಾಲ್ಕೈದು ತಾರಸಿಯೋರು ಸೇರಿ ಹಾಕಿದ್ರೆ ಪೂರ್ತಿ ಲಾಭ. ಜೊತೆಗೆ ಚುಚ್ಚಿದ ಕಾಯಿ, ಉದುರಿದ ಕಾಯಿ ಅಲ್ಲೇ ಬಿಡಬಾರದು, ಹುಳ ಆಚೆ ಬಂದು ಮಣ್ಣಿಗಿಳಿದು ಕೋಶ ಕಟ್ಟುತ್ತೆ, ಕಾಂಪೋಸ್ಟ್ ಡಬ್ಬಿಗೆ ಹಾಕಿದ್ರೆ ನಾವೇ ಸಾಕಿದ ಹಾಗೆ ಆಗುತ್ತೆ. ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕೈದು ದಿನ ಬಿಸಿಲಲ್ಲಿಡಿ, ಆಮೇಲೆ ಬಿಸಾಕಿ. ಲ್ಯೂರಿನ ತುಂಡಲ್ಲಿ ಕೀಟನಾಶಕಾನೂ ಬೆರೆಸಿರ್ತಾರೆ, ಬರಿಗೈಲಿ ಮುಟ್ಟಬೇಡಿ, ಮಕ್ಕಳಿಗೆ ಎಟುಕೋ ಕಡೆ ನೇತಾಕಬೇಡಿ.

ಒಂದು ನೊಣಕ್ಕೆ ಇಷ್ಟೊಂದಾ ಅನ್ನೋರಿಗೆ, 2014ರ ಮೇನಲ್ಲಿ ಯುರೋಪ್ ಒಕ್ಕೂಟ ನಮ್ಮ ದೇಶದ ಮಾವಿನ ಹಣ್ಣಿನ ಆಮದು ನಿಲ್ಲಿಸಿದ್ದು ಇದೇ ಹಣ್ಣುನೊಣ ಸಿಕ್ತು ಅಂತ. ಮುಂದಿನ ವರ್ಷ ಜನವರೀಲಿ ಆ ನಿಷೇಧ ತೆಗೆದ್ರು. ಮಾವನ್ನ 48 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ರೆ ಹಣ್ಣು ಹಾಳಾಗದೇ ಒಳಗಿನ ಮೊಟ್ಟೆ, ಮರಿ ಸಾಯುತ್ತೆ, ಎಕ್ಸ್‌ಪೋರ್ಟ್ ಮಾಡೋರು ಈ ಥರದ ಉಪಚಾರ ಮಾಡೇ ಕಳ್ಸೋದು.

ಸೋಪು, ಟ್ರ್ಯಾಪು ಬಿಟ್ರೆ ಕೌಂಟರಲ್ಲಿ ದುಡ್ಡು ಕೊಟ್ಟು ತಗೊಳ್ಳೋಕಾಗದೇ ಇರೋದು ಒಂದಿದೆ, ಬಲೆ ಬೆಳೆ, ಅಂದ್ರೆ ಮುಖ್ಯ ಬೆಳೆಗೆ ಬರೋ ಹುಳನ ತನ್ನ ಕಡೆ ಎಳ್ಕೊಳ್ಳೋ ಬೆಳೆ. ನಂಗೆ ಐಐಎಚ್‌ಆರ್ ಮೇಲೆ ಗೌರವ ಬಂದಿದ್ದೇ ಇದರಿಂದ. ಎಲೆಕೋಸಿಗೆ ಬರೋ ವಜ್ರಬೆನ್ನಿನ ಪತಂಗ ಅಂತಿದೆ, ಮರಿಹುಳ ಮುಟ್ಟಿದ್ರೆ ಒದ್ದಾಡ್ಕೊಂಡು ರೇಷ್ಮೆ ಎಳೆ ಹಿಡ್ಕೊಂಡು ಎಲೆಯಿಂದ ಕೆಳಗೆ ಜೋತಾಡುತ್ತೆ, ಎಳೇ ಹುಳ ಎಲೆ ಕೆರೆದು ತಿಂದು ಮೇಲಿನ ತೆಳು ಪೊರೆ ಮಾತ್ರ ಬಿಟ್ಟಿರುತ್ತೆ, ಬೆಳಕಿಗೆ ಹಿಡಿದ್ರೆ ಗಾಜಿನ ಕಿಟಕಿ ಥರ ಕಾಣುತ್ತೆ. ಇದರಷ್ಟು ಹಠಮಾರಿ ಹುಳ ಇನ್ನೊಂದಿಲ್ಲ, 1953ರಲ್ಲೇ ಜಾವಾ ದ್ವೀಪದಲ್ಲಿ ಡಿಡಿಟಿಗೆ ಬಗ್ಗದೇ ನಿಂತಿದ್ದು ವರದಿ ಆಗಿದೆ, ಆಮೇಲೆ ಬಂದ ಔಷಧಿ ಒಂದೊಂದನ್ನೂ ಜೀರ್ಣಿಸ್ಕೊಂಡಿದೆ. ಹೆಸರಘಟ್ಟದೋರು ಇದಕ್ಕೆ ಹುಡುಕಿದ ಉಪಾಯ ಸಾಸಿವೆ. ಪತಂಗಕ್ಕೆ ಕೋಸಿಗಿಂತ ಸಾಸಿವೆ ಮೇಲೆ ಮೊಟ್ಟೆ ಇಡೋದು ಜಾಸ್ತಿ ಇಷ್ಟ. ಹಾಗಾಗಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಒಂದು ಸಾಲನ್ನ ಕೋಸು ನಾಟಿ ಮಾಡೋ 15 ದಿನ ಮುಂಚೆ, ಇನ್ನೊಂದನ್ನ ನಾಟಿ ಮಾಡಿ 25 ದಿನ ಆದ್ಮೇಲೆ ಬಿತ್ತಬೇಕು. ಎರಡು ಸಲ ಯಾಕೆ ಅಂದ್ರೆ ಮೊದಲ ಸಾಲು ಬಲಿತು ಒಣಗೋ ಹೊತ್ತಿಗೆ ಎರಡನೇ ಸಾಲು ಹಸಿರಾಗಿ ಸಿದ್ಧ ಇರಬೇಕು. ಔಷಧಿ ಹೊಡಿಯೋದೂ ಮುಖ್ಯವಾಗಿ ಸಾಸಿವೆ ಮೇಲೆ, ಕೋಸಿಗೆ ಬೇವಿನದು ಮಾತ್ರ.

ದೊಡ್ಡಬಳ್ಳಾಪುರ ಕಡೆ ನಮ್ಮ ಮಾವನ ಹೊಲದಲ್ಲಿ ಇದನ್ನ ಕಣ್ಣಾರೆ ನೋಡಿದೀನಿ, ಸಾಸಿವೆ ಎಲೆ ಜರಡಿ ಆಗಿತ್ತು, ಎರಡು ಅಡಿ ಪಕ್ಕದ ಕೋಸು ಗಟ್ಟಿಯಾಗಿ ಗಡ್ಡೆ ಕಟ್ಟಿತ್ತು. ನೋಡ್ಕೊಂಡು ಬಂದು ಅವತ್ತು ನಂಗೆ ನಿಜವಾಗ್ಲೂ ಖುಷಿ ಆಯ್ತು. ಟೊಮ್ಯಾಟೊಗೆ ಇದೇ ಥರ ಚೆಂಡುಹೂ, ಸುಮಾರು 15 ಸಾಲಿಗೆ ಒಂದು ಸಾಲು, ಕಾಯಿಕೊರಕದ ಪತಂಗ ಹಳದಿ ಹೂವಿಗೆ ಹೋಗಿ ಮೊಟ್ಟೆ ಇಡುತ್ತೆ. ಚೆಂಡುಹೂ ಸಸಿ 40-45 ದಿನದ್ದು, ಟೊಮ್ಯಾಟೊ ಸಸಿ 25 ದಿನದ್ದು, ಎರಡನ್ನೂ ಒಟ್ಟಿಗೆ ನಾಟಿ ಮಾಡ್ಬೇಕು, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತೆ. ಈ ವಯಸ್ಸಿನ ಲೆಕ್ಕ ಬಿಟ್ಟು ಸುಮ್ನೆ ಬದುವಿಗೆ ನಾಲ್ಕು ಚೆಂಡುಹೂ ಗಿಡ ನೆಟ್ರೆ ಅದು ಹಬ್ಬಕ್ಕೆ ಹೂವಾಯ್ತು ಅಷ್ಟೇ. ತಾರಸೀಲಿ ಸಾಲುಗಟ್ಟಲೆ ಆಗಲ್ಲ, ನಾನು ಕುಂಡದಲ್ಲಿ ಅದೇ ವಯಸ್ಸಿನ ಅಂತರ ಇಟ್ಕೊಂಡು ಮಾಡ್ತೀನಿ.

ಹಿಟ್ಟು ತಿಗಣೆ ಬಗ್ಗೆ ಕೇಳೋರು ಜಾಸ್ತಿ, ದಾಸವಾಳ, ಸೀಬೆ, ಪರಂಗಿ ಮೇಲೆ ಬಿಳೀ ಹತ್ತಿ ಅಂಟ್ಕೊಂಡ ಹಾಗೆ ಕಾಣುತ್ತಲ್ಲ ಅದು. ಇದಕ್ಕೆ ಕ್ರಿಪ್ಟೋಲೀಮಸ್ ಅನ್ನೋ ಗುಲಗಂಜಿ ಹುಳ ಬಿಡ್ತಾರೆ, ಆಸ್ಟ್ರೇಲಿಯಾ ಮೂಲದ್ದು, ದ್ರಾಕ್ಷಿ ತೋಟದಲ್ಲಿ ಇದರ ಬಳಕೆ ಬಗ್ಗೆ ಐಐಎಚ್‌ಆರ್‌ನಲ್ಲಿ ತುಂಬಾ ಕೆಲಸ ಆಗಿದೆ, ಕುಂಬಳಕಾಯಿ ಮೇಲೆ ತಿಗಣೆ ಬೆಳೆಸಿ ಆ ತಿಗಣೆ ಮೇಲೆ ಗುಲಗಂಜಿ ಹುಳ ಸಾಕ್ತಾರೆ. ಒಂದೇ ಒಂದು ಎಚ್ಚರಿಕೆ, ಇದರ ಮರಿ ನೋಡೋಕೆ ಹಿಟ್ಟು ತಿಗಣೆ ಥರಾನೇ ಇರುತ್ತೆ, ಮೈ ತುಂಬಾ ಬಿಳೀ ಮೇಣದ ಎಳೆ. ವ್ಯತ್ಯಾಸ ಏನಂದ್ರೆ ಗಾತ್ರದಲ್ಲಿ ದೊಡ್ಡದು, ಎಳೆ ಉದ್ದ, ಮತ್ತೆ ಚುರುಕಾಗಿ ಓಡುತ್ತೆ, ತಿಗಣೆ ಅಷ್ಟು ಓಡಲ್ಲ. ಗೊತ್ತಿಲ್ಲದೇ ತಿಗಣೆ ಜಾಸ್ತಿ ಆಯ್ತು ಅಂತ ಇದನ್ನೇ ಉಜ್ಜಿ ಹಾಕೋರು ಇದ್ದಾರೆ, ಸ್ವಲ್ಪ ನಿಂತು ನೋಡಿ ಕೈ ಹಾಕಿ. ಬಿಟ್ಟ ಮೇಲೆ ಯಾವ ಕೀಟನಾಶಕಾನೂ ಹೊಡಿಬಾರದು.

ಇಂಥ ಮಿತ್ರಕೀಟಗಳದ್ದೇ ಇನ್ನೊಂದು ಸಂಸ್ಥೆ ನಮ್ಮ ಹೆಬ್ಬಾಳದಲ್ಲಿದೆ, ಬಳ್ಳಾರಿ ರಸ್ತೇಲಿ, ಎನ್‌ಬಿಎಐಆರ್ ಅಂತ, ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಏರ್‌ಪೋರ್ಟಿಗೆ ಹೋಗ್ತಾ ಎಷ್ಟೋ ಜನ ಅದರ ಮುಂದೇನೇ ಹೋಗಿರ್ತೀರ. 2008ರಲ್ಲಿ ಕೊಯಮತ್ತೂರಲ್ಲಿ ಪರಂಗಿ ಹಿಟ್ಟು ತಿಗಣೆ ಮೊದಲು ಕಾಣಿಸ್ಕೊಂಡು ಪರಂಗಿ, ಹಿಪ್ಪುನೇರಳೆ, ಮರಗೆಣಸು ಎಲ್ಲಾ ಹಾಳು ಮಾಡ್ತಾ ಬಂತಲ್ಲ, ರೇಷ್ಮೆ ಬೆಳೆಗಾರರಿಗೆ ನೆನಪಿರುತ್ತೆ, ಎಲೆಗೆ ವಿಷ ಹೊಡೆದ್ರೆ ರೇಷ್ಮೆ ಹುಳ ಸಾಯುತ್ತೆ, ಹೊಡೀದಿದ್ರೆ ಎಲೇನೇ ಇಲ್ಲ. 2010ರಲ್ಲಿ ಇವರು ಪೋರ್ಟೊ ರಿಕೊದಿಂದ ಅಸಿರೋಫೇಗಸ್ ಪಪಾಯೆ ಅನ್ನೋ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಕಣಜ ತರಿಸಿ, ಪರೀಕ್ಷೆ ಮಾಡಿ ಬಿಟ್ರು. ಅದು ತಿಗಣೆ ಮೈ ಒಳಗೆ ಮೊಟ್ಟೆ ಇಡುತ್ತೆ, ಮರಿ ಒಳಗಿಂದಾನೇ ತಿಂದು ಆಚೆ ಬರುತ್ತೆ. ರೈತ ಒಂದು ಬಾಟಲಿ ಔಷಧಿ ಕೊಳ್ದೇ ತಿಗಣೆ ಹತೋಟಿಗೆ ಬಂತು. ಇಷ್ಟು ದೊಡ್ಡ ಕೆಲಸ ನಮ್ಮೂರಲ್ಲೇ ಆಗಿದ್ದು ಅಂತ ಬೆಂಗಳೂರಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ, ಶಾಲೆ ಪುಸ್ತಕದಲ್ಲಿ ಬರಬೇಕಾದ ವಿಷಯ ಇದು.

ಇನ್ನು ತಿನ್ನೋ ಐಟಂ. ಬೀಜ, ಸೋಪು ಅಂತ ಹೋದೋರು ಆಹಾರದ ಕಡೆ ನಡೆದಿರೋ ಕೆಲಸಾನೂ ನೋಡಿ ಬನ್ನಿ, ಸಂಸ್ಥೆಯ ತೋಟಗಾರಿಕೆ ಮೇಳದ ಟೈಮಲ್ಲಿ ಹೋದ್ರೆ ಇದು ಚೆನ್ನಾಗಿ ನೋಡೋಕೆ ಸಿಗುತ್ತೆ. ಹಲಸಿನ ಬೀಜದ ಹಿಟ್ಟು ಸೇರಿಸಿದ ಬಿಸ್ಕತ್ತು ತಯಾರಿಸಿದಾರೆ, ಅರ್ಕಾ ಜ್ಯಾಕೀಸ್ ಅಂತ ಹೆಸರು, ಹಲಸಿನ ಜ್ಯೂಸೂ ಇದೆ. ನಂಗೆ ಬಿಸ್ಕತ್ತೇ ಇಷ್ಟ ಆಗಿದ್ದು, ಕಚ್ಚಿದ್ರೆ ಗರಿಗರಿ, ಸಿಹಿ ಹಿತವಾಗಿದೆ, ಬಾಯಲ್ಲಿ ಕೊನೇಗೆ ಸುಟ್ಟ ಹಲಸಿನ ಬೀಜದ ರುಚಿ ಸಣ್ಣಗೆ ಉಳಿಯುತ್ತೆ. ಕಾಫಿ ಜೊತೆ ಸಖತ್ತಾಗಿರುತ್ತೆ. ತೂಬುಗೆರೆ ಕಡೆ ಹಲಸಿನ ಸೀಸನ್ನಲ್ಲಿ ಹಣ್ಣು ತೊಳೆ ಬಿಡಿಸಿ ಮಾರೋ ಜಾಗದಲ್ಲಿ ಬೀಜ ಮೂಟೆಗಟ್ಟಲೆ ಉಳಿಯುತ್ತೆ, ಸ್ವಲ್ಪ ಸಾರಿಗೆ ಹೋಗುತ್ತೆ, ಮಿಕ್ಕಿದ್ದು ಮೊಳಕೆ ಬಂದು ಕೊಳೆಯುತ್ತೆ. ಅದನ್ನ ಹಿಟ್ಟು ಮಾಡಿದ್ರೆ ತಿಂಗಳುಗಟ್ಟಲೆ ಇಡಬಹುದು, ರೈತನಿಗೆ ಹಣ್ಣಿನ ಜೊತೆ ಬೀಜದ ದುಡ್ಡೂ ಸಿಗುತ್ತೆ.

ಮನೇಲೂ ಮಾಡ್ಕೋಬಹುದು, ನಾನು ಮಾಡ್ತೀನಿ. ಬೀಜ ಬೇಯಿಸಿ, ಮೇಲಿನ ಬಿಳೀ ಸಿಪ್ಪೆ ತೆಗೆದು, ಹೋಳು ಮಾಡಿ, ಮುರಿದ್ರೆ ಟಕ್ ಅನ್ನೋ ತನಕ ಒಣಗಿಸಿ ಮಿಲ್ಲಿಗೆ ಹಾಕಿಸೋದು. ಬೇಯಿಸೋ ಹಂತ ಬಿಡಬೇಡಿ, ಹಸಿ ಬೀಜದಲ್ಲಿ ಪ್ರೋಟೀನ್ ಜೀರ್ಣ ಆಗೋಕೆ ಅಡ್ಡಿ ಮಾಡೋ ಅಂಶ ಇರುತ್ತೆ, ಶಾಖಕ್ಕೆ ಅದು ಹೋಗುತ್ತೆ. ಒಳಗಿನ ಕಂದು ಪೊರೆ ಬಿಟ್ರೆ ಹಿಟ್ಟು ಬಣ್ಣ ಕಪ್ಪಾಗುತ್ತೆ, ಸ್ವಲ್ಪ ಒಗರು, ಆದ್ರೆ ನಾರು ಉಳಿಯುತ್ತೆ, ನಿಮ್ಮಿಷ್ಟ. ಇದರಲ್ಲಿ ಗ್ಲುಟನ್, ಅಂದ್ರೆ ಗೋಧಿ ಹಿಟ್ಟನ್ನ ಹಿಗ್ಗೋ ಹಾಗೆ ಮಾಡೋ ಅಂಟಿನ ಅಂಶ ಇಲ್ಲ, ಹಾಗಾಗಿ ಇದೊಂದರಲ್ಲೇ ಚಪಾತಿ ಲಟ್ಟಿಸಿದ್ರೆ ಹರಿದು ಹೋಗುತ್ತೆ, ಗೋಧಿ ಹಿಟ್ಟಿಗೆ ಕಾಲು ಭಾಗ ಬೆರೆಸಿ. ರೊಟ್ಟಿಗೆ ರಾಗಿ ಹಿಟ್ಟಿನ ಜೊತೆ ಚೆನ್ನಾಗಿ ಹೊಂದ್ಕೊಳ್ಳುತ್ತೆ.

ಹುಳದ ಕೆಲಸಕ್ಕೂ ತಿಂಡಿ ಕೆಲಸಕ್ಕೂ ಏನು ಸಂಬಂಧ ಅಂತ ಕೆಲವರು ಕೇಳ್ತಾರೆ. ಮೇಲೆ ಹೇಳಿದ ಚೆಂಡುಹೂವನ್ನೇ ತಗೊಳ್ಳಿ, ಟೊಮ್ಯಾಟೊ ಕಾಯೋ ಹೂವಿನ ಎಸಳಲ್ಲಿ ಲ್ಯೂಟಿನ್ ಅನ್ನೋ ಹಳದಿ ಬಣ್ಣದ ಅಂಶ ಇರುತ್ತೆ, ಆಹಾರಕ್ಕೆ ಹಳದಿ ಬಣ್ಣ ಕೊಡೋಕೆ, ಕಣ್ಣಿನ ಆರೋಗ್ಯದ ಮಾತ್ರೆಗೆ, ಮೊಟ್ಟೆ ಹಳದಿ ಗಾಢ ಆಗಲಿ ಅಂತ ಕೋಳಿ ಮೇವಿಗೆ ಅದನ್ನ ತೆಗೆದು ಬಳಸ್ತಾರೆ. ಆದ್ರೆ ಬೀಜ, ಹೂ, ಎಲೆ ಯಾವುದನ್ನೇ ಒಣಗಿಸಿ ಪುಡಿ ಮಾಡಿ ಆಹಾರಕ್ಕೆ ಹಾಕಿದ್ರೂ ಅದರ ಮೇಲೆ ಹೊಡೆದಿರೋ ವಿಷಾನೂ ಜೊತೇಲೇ ಬರುತ್ತೆ, ನೀರು ಆರಿ ತೂಕ ಇಳಿಯೋದ್ರಿಂದ ಅದು ಇನ್ನೂ ಗಟ್ಟಿ ಆಗಬಹುದು. ನುಗ್ಗೆಸೊಪ್ಪಿನ ಪುಡಿ, ಕರಿಬೇವಿನ ಪುಡಿ ಕೊಳ್ಳೋರು ಇದನ್ನ ತಲೇಲಿಟ್ಕೋಬೇಕು, ಕರಿಬೇವಿಗೆ ಎಷ್ಟು ಔಷಧಿ ಹೊಡೀತಾರೆ ಅಂತ ಬೆಳೆಯೋರನ್ನ ಕೇಳಿ ನೋಡಿ. ಗಿಡದ ಮೇಲಿನ ಹುಳಕ್ಕೆ ಹೊಲದಲ್ಲೇ ಸರಿಯಾದ ದಾರಿ ಕಂಡ್ಕೊಂಡ್ರೆ ಮಾತ್ರ ಆ ಪುಡಿ ತಿನ್ನೋಕೆ ಯೋಗ್ಯ.

ಬೇರೆ ಐಟಂ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಚೆನ್ನಾಗಿದೆ, ಸಾರಜನಕ ಹಿಡಿಯೋ, ರಂಜಕ ಮತ್ತು ಸತು ಕರಗಿಸೋ ಜೀವಾಣು ಒಂದೇ ಪ್ಯಾಕೆಟ್ಟಲ್ಲಿದೆ, ನೆರಳಲ್ಲಿಡಿ, ರಾಸಾಯನಿಕ ಗೊಬ್ಬರದ ಜೊತೆ ಬೆರೆಸಬೇಡಿ. ತರಕಾರಿ ಸ್ಪೆಷಲ್ ಅನ್ನೋ ಪೋಷಕಾಂಶದ ಪುಡಿಗೆ ನಿಂಬೆರಸ ಮತ್ತೆ ಒಂದು ಶಾಂಪೂ ಪೌಚ್ ಸೇರಿಸಿ ಹೊಡಿಯೋಕೆ ಹೇಳ್ತಾರೆ, ಕೇಳೋಕೆ ವಿಚಿತ್ರ ಅನ್ಸುತ್ತೆ, ಆದ್ರೆ ನಿಂಬೆರಸ ದ್ರಾವಣದ ಹುಳಿ-ಕ್ಷಾರದ ಹದ ಸರಿ ಮಾಡುತ್ತೆ, ಶಾಂಪೂ ದ್ರಾವಣ ಎಲೆಗೆ ಅಂಟೋ ಹಾಗೆ ಮಾಡುತ್ತೆ, ತಪ್ಪಿಸಬೇಡಿ. ಟೊಮ್ಯಾಟೊ ಬೀಜದಲ್ಲಿ ಅರ್ಕಾ ರಕ್ಷಕ್ ತಗೊಳ್ಳಿ, ಎಲೆ ಮುದುರು ರೋಗ, ದುಂಡಾಣು ಸೊರಗು ರೋಗ, ಅಂಗಮಾರಿ ಮೂರಕ್ಕೂ ತಡ್ಕೊಳ್ಳೋ ಹೈಬ್ರಿಡ್, ಆದ್ರೆ ಅದರ ಬೀಜ ಎತ್ತಿಟ್ಟು ಮುಂದಿನ ಸಲ ಹಾಕಿದ್ರೆ ಅದೇ ಗುಣ ಬರಲ್ಲ, ಪ್ರತಿ ಸಲ ಹೊಸದೇ ಕೊಳ್ಳಬೇಕು.

ಹೋಗೋದು ಸುಲಭ, ತುಮಕೂರು ರಸ್ತೇಲಿ ಎಂಟನೇ ಮೈಲಿ ಹತ್ರ ಹೆಸರಘಟ್ಟ ರಸ್ತೆಗೆ ತಿರುಗಿ, ಸಂಸ್ಥೆ ಇರೋದು ಐವರಕಂಡಪುರದ ಹತ್ರ, ಬಿಎಂಟಿಸಿ ಬಸ್ಸಿದೆ. ಸರ್ಕಾರಿ ಸಂಸ್ಥೆ, ರಜಾ ದಿನ ಬಿಟ್ಟು ಹೋಗಿ, ಬೇಕಾದ ಬೀಜ ಸ್ಟಾಕ್ ಇದೆಯಾ ಅಂತ ಫೋನ್ ಮಾಡಿ ಕೇಳ್ಕೊಳ್ಳಿ, ದೂರ ಇರೋರು ಅವರ ಆನ್‌ಲೈನ್ ಬೀಜ ಪೋರ್ಟಲ್ಲಲ್ಲೂ ತರಿಸ್ಕೋಬಹುದು. ಆದ್ರೆ ಹುಳದ ವಿಷಯ ಇದ್ರೆ ಖುದ್ದು ಹೋಗೋದೇ ಒಳ್ಳೇದು, ಹುಳ ಬಿದ್ದಿರೋ ಎಲೆ ಅಥವಾ ಕಾಯಿನ ಜಿಪ್ ಕವರಲ್ಲಿ ಹಾಕ್ಕೊಂಡು ಹೋಗಿ ತೋರಿಸಿ, ಇಲ್ಲಾಂದ್ರೆ ಹತ್ತಿರದಿಂದ ತೆಗೆದ ಫೋಟೊ ಇರಲಿ, ಎಲೆಯ ಕೆಳಭಾಗದ್ದೂ ಒಂದು. ಹಾಗಲ, ಹೀರೆ ಹಾಕಿರೋರು ಕಾಯಿ ಹಾಳಾಗೋ ತನಕ ಕಾಯಬೇಡಿ, ಬಳ್ಳೀಲಿ ಮೊದಲ ಹೂ ಕಂಡ ವಾರದಲ್ಲೇ ಕ್ಯೂ ಲ್ಯೂರ್ ತಂದು ನೇತಾಕಿ.